ದೊಡ್ಡ ಕಾಲೇಜಿನವರನ್ನೇ ತೆಗೆದುಕೊಂಡರೆ ಕೆಲಸ ಚೆನ್ನಾಗಿ ಆಗುತ್ತದಾ?

ಪ್ರಶ್ನೆ: ಮೇಡಂ, ನಾನೊಂದು ಸಣ್ಣ ತಂಡ ನೋಡಿಕೊಳ್ಳುತ್ತೇನೆ. ಹೋದ ವರ್ಷ ನಾಲ್ವರು ಫ್ರೆಶರ್‌ಗಳು ಸೇರಿದರು. ಒಬ್ಬ ಹೆಸರುವಾಸಿ ಕಾಲೇಜಿನವನು, ಉಳಿದ ಮೂವರ ಕಾಲೇಜುಗಳ ಹೆಸರು ನಾನು ಕೇಳಿಯೇ ಇರಲಿಲ್ಲ. ಮೊದಲ ಮೂರು ತಿಂಗಳು ಅವನೇ ಮುಂದಿದ್ದ. ವರ್ಷ ತುಂಬುವ ಹೊತ್ತಿಗೆ ಆ ಮೂವರಲ್ಲಿ ಒಬ್ಬಳು ಅವನಿಗಿಂತ ಚೆನ್ನಾಗಿ ಮಾಡುತ್ತಿದ್ದಾಳೆ ಅನ್ನಿಸುತ್ತಿದೆ. ಮೇಲಿನವರು ಮಾತ್ರ ‘ಇನ್ಮುಂದೆ ದೊಡ್ಡ ಕಾಲೇಜುಗಳಿಂದಷ್ಟೇ ತಗೊಳ್ಳೋಣ, ರಿಸ್ಕ್ ಇರಲ್ಲ’ ಅಂತಿದ್ದಾರೆ. ಬೇಡ ಅನ್ನೋಕೆ ನನ್ನ ಹತ್ತಿರ ಗಟ್ಟಿ ಕಾರಣ ಇದೆಯಾ?

ಉತ್ತರ (ನೇಮಕಾತಿ ವಿಭಾಗದಲ್ಲಿ ಹದಿನೆಂಟು ವರ್ಷ): ಇದೆ. ಆದರೆ ಆ ನಾಲ್ವರನ್ನು ಸಾಕ್ಷಿಯಾಗಿ ತೋರಿಸಬೇಡಿ, ನಾಲ್ಕು ಜನರಿಂದ ಏನೂ ಸಾಬೀತಾಗುವುದಿಲ್ಲ.

ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಒಂದು ಪ್ರವೇಶ ಪರೀಕ್ಷೆ ಹೇಗೆ ಬರೆದರು, ಅದಕ್ಕೆ ಮನೆಯ ಅನುಕೂಲ ಎಷ್ಟಿತ್ತು, ಕಾಲೇಜಿನ ಹೆಸರಿನಿಂದ ಮುಖ್ಯವಾಗಿ ತಿಳಿಯುವುದು ಇಷ್ಟು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಆಗಾಗ ನೆನಪಿಸುತ್ತೇನೆ. ಪ್ರವೇಶ ಕಠಿಣವಿರುವ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆಡೆ ಓದಿದವರನ್ನು ಅವರು ಅಲ್ಲೇ ಓದಿದವರ ಜೊತೆ ಹೋಲಿಸಿದರು. ಮುಂದಿನ ಸಂಪಾದನೆಯಲ್ಲಿ ಸರಾಸರಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಬಡ ಮನೆಗಳಿಂದ ಬಂದವರಿಗೆ ಮಾತ್ರ ಆ ಕಾಲೇಜು ನಿಜಕ್ಕೂ ನೆರವಾಗಿತ್ತು. ಅವರು ಅಳೆದದ್ದು ಸಂಬಳವನ್ನು, ಕೆಲಸದ ಗುಣಮಟ್ಟವನ್ನಲ್ಲ; ಆದರೂ ಸಾಮರ್ಥ್ಯ ಬಹುಮಟ್ಟಿಗೆ ಹುಡುಗರ ಜೊತೆಗೇ ಬಂದಿರುತ್ತದೆ ಅನ್ನುವುದಕ್ಕೆ ಅದು ಬಲವಾದ ಸುಳಿವು.

ಕೆಲಸದ ಗುಣಮಟ್ಟವನ್ನೇ ಅಳೆದದ್ದು ಬೇಕೆಂದರೆ, ಮನಃಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ನೇಮಕಾತಿ ವಿಧಾನಗಳ ಬಗೆಗಿನ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿದರು. ಎಷ್ಟು ವರ್ಷ ಓದಿದ್ದಾರೆ ಅನ್ನುವುದಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ನಂಟು 0.10 ಮಾತ್ರ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.51. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಲೆಕ್ಕ ತಿದ್ದಿದಾಗ ಅದು 0.42ಕ್ಕೆ ಇಳಿಯಿತು, ಆದರೂ ಎಲ್ಲ ವಿಧಾನಗಳಿಗಿಂತ ಮೇಲೇ ಉಳಿಯಿತು.

ಇನ್ನು ನಿಮ್ಮ ಆ ಮೊದಲ ಮೂರು ತಿಂಗಳು. ನನಗೆ ಹೆಚ್ಚು ಕಳವಳ ಅದರ ಬಗ್ಗೆಯೇ. ದೊಡ್ಡ ಕಾಲೇಜಿನವರಿಗೆ ಮೀಟಿಂಗಿನಲ್ಲಿ ಮಾತಾಡಿ ಗೊತ್ತಿರುತ್ತದೆ, ಇಂಥ ಕೆಲಸಕ್ಕೆ ಸೇರಿದ ಸೀನಿಯರ್‌ಗಳು ಫೋನಿಗೆ ಸಿಗುತ್ತಾರೆ, ಗೊತ್ತಿಲ್ಲದ್ದನ್ನು ಕೇಳಲು ಅಂಜಿಕೆ ಇರುವುದಿಲ್ಲ. ಆ ಮುನ್ನಡೆ ಕೆಲಸ ಕಲಿಯುತ್ತಾ ಕರಗಬೇಕು. ಅಷ್ಟರಲ್ಲಿ ನಾವು ಕಣ್ಣಿಗೆ ಬೀಳುವ ಕೆಲಸವನ್ನೆಲ್ಲ ಅವನಿಗೇ ಕೊಟ್ಟರೆ ಅದು ಕರಗುವುದಿಲ್ಲ, ಬೆಳೆಯುತ್ತದೆ. ಒಂದು ಒಳ್ಳೆಯ ಗುಣ ಕಂಡರೆ ಉಳಿದ ಅಂಕಗಳೂ ಏರಿಬಿಡುತ್ತವೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ಅವರು ನೋಡಿದ್ದು ಸೇನಾಧಿಕಾರಿಗಳು ಕೊಟ್ಟ ಅಂಕಗಳನ್ನು. ನಾನೂ ಒಬ್ಬ ಹುಡುಗಿಗೆ ಎರಡು ವರ್ಷ ಬರೀ ಡೇಟಾ ಎಂಟ್ರಿ ಕೊಟ್ಟು, ಅಪ್ರೈಸಲ್‌ನಲ್ಲಿ ‘ಮುಂದಾಳತ್ವ ಸಾಲದು’ ಎಂದು ಬರೆದಿದ್ದೆ. ಅವಳು ಕೆಲಸ ಬಿಟ್ಟಳು. ಆ ಸಾಲು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೋದ ವರ್ಷ ಯಾವ ಕೆಲಸ ಯಾರಿಗೆ ಹೋಯಿತು, ಒಮ್ಮೆ ತೆಗೆದು ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ. ಮೊದಲ ಆರು ತಿಂಗಳಲ್ಲಿ ಕ್ಲೈಂಟ್ ಎದುರು ನಿಲ್ಲುವ ಕೆಲಸ ಏಳಿದ್ದವು, ಐದು ಅವನಿಗೇ ಹೋಗಿವೆ. ಕೊಟ್ಟವನು ನಾನೇ. ಅವಳಿಗೆ ಸಿಕ್ಕಿದ್ದು ಅವನು ರಜೆಯಲ್ಲಿದ್ದಾಗ.

ಇನ್ನೊಬ್ಬ ಓದುಗ: ಮೇಡಂ, ನಾನೂ ಅಂಥ ‘ಹೆಸರು ಕೇಳಿರದ’ ಕಾಲೇಜಿನವನು. ಸೇರಿ ಎಂಟು ತಿಂಗಳಾಯಿತು, ಒಳ್ಳೆಯ ಕೆಲಸ ಕೈಗೆ ಬರುತ್ತಿಲ್ಲ. ಕೇಳಿದರೆ ದುರಾಸೆ ಅನ್ನಿಸುತ್ತದಾ?

ಉತ್ತರ: ಖಂಡಿತ ಇಲ್ಲಪ್ಪ. ‘ಒಳ್ಳೆಯ ಕೆಲಸ ಕೊಡಿ’ ಅನ್ನಬೇಡ, ಕೆಲಸದ ಹೆಸರು ಹಿಡಿದು ಕೇಳು: ‘ಮುಂದಿನ ವಾರದ ರಿವ್ಯೂ ನಾನು ತಯಾರಿಸಲಾ? ಎರಡು ದಿನ ಮೊದಲೇ ತೋರಿಸುತ್ತೇನೆ.’ ತಿದ್ದಲು ಸಮಯವಿದೆ ಅಂದರೆ ಒಪ್ಪುವುದು ಅವರಿಗೆ ಸುಲಭ.

ಮತ್ತೆ ಸರ್, ನಿಮ್ಮ ಮೇಲಿನವರ ಜೊತೆ ವಾದಕ್ಕೆ ಇಳಿಯಬೇಡಿ. ಮುಂದಿನ ನೇಮಕಾತಿಯಲ್ಲಿ ನಿಮ್ಮ ತಂಡ ದಿನಾ ಮಾಡುವಂಥದ್ದೇ ಒಂದು ಗಂಟೆಯ ಕೆಲಸ ಎಲ್ಲರಿಗೂ ಕೊಡಿ. ಹೆಸರು, ಕಾಲೇಜು ಎರಡನ್ನೂ ಮುಚ್ಚಿ ಆ ಉತ್ತರಗಳನ್ನು ನಿಮ್ಮ ಮೇಲಿನವರ ಕೈಗೇ ಕೊಟ್ಟು, ಅಂಕ ಹಾಕಲು ಹೇಳಿ.