ಸಹಾಯ ಬೇಕು: ಮಕ್ಕಳಿಗೆ ಆಟ ಆಡಿಸುವ ಯುವಕರಿಗೆ ತರಬೇತಿ ಹೇಗೆ ಕೊಡುವುದು?

ಎಲ್ಲರಿಗೂ ನಮಸ್ಕಾರ. ನಮ್ಮ ಯುವಕ ಸಂಘದಲ್ಲಿ ಹನ್ನೆರಡು ಮಂದಿ ಹುಡುಗ ಹುಡುಗಿಯರು ವಾರಕ್ಕೆರಡು ಸಂಜೆ ಮಕ್ಕಳಿಗೆ ಆಟ ಆಡಿಸುತ್ತಾರೆ. ಮಕ್ಕಳ ವಯಸ್ಸು 6ರಿಂದ 12. ಉತ್ಸಾಹಕ್ಕೇನೂ ಕೊರತೆ ಇಲ್ಲ, ತರಬೇತಿ ಮಾತ್ರ ಯಾರಿಗೂ ಆಗಿಲ್ಲ. ಅವರಿಗೆ ಎರಡು ದಿನದ ತರಬೇತಿ ಕೊಡುವ ಕೆಲಸ ನನ್ನ ತಲೆಗೆ ಬಂದಿದೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮಲ್ಲಿ ಒಂದು ಗಂಟೆ ಆಟ ಅಂದರೆ ಮಕ್ಕಳು ನಿಜವಾಗಿ ಓಡುವುದು ಹತ್ತು ನಿಮಿಷ. ಕಳೆದ ವಾರ ಗಡಿಯಾರ ಹಿಡಿದು ನೋಡಿದೆ! ಉಳಿದದ್ದೆಲ್ಲ ಸಾಲು ನಿಲ್ಲುವುದು, ನಿಯಮ ಕೇಳುವುದು. ಔಟ್ ಆದವರು ಸುಮ್ನೆ ಕೂತಿರುತ್ತಾರೆ. ಮೊದಲು ಔಟ್ ಆಗುವುದು ನಿಧಾನಕ್ಕೆ ಓಡುವ ಮಗುವೇ, ಅಲ್ವಾ? ಆ ಮಗುವಿಗೇ ಅಭ್ಯಾಸ ಜಾಸ್ತಿ ಬೇಕಾಗಿದ್ದದ್ದು.

ಔಟ್ ಆದವರು ಐದು ಸಲ ಕುಪ್ಪಳಿಸಿ ಮತ್ತೆ ಆಟಕ್ಕೆ ಸೇರುವ ಹಾಗೆ ಮಾಡಿದೆವು. ಚೆನ್ನಾಗೇ ನಡೆಯಿತು. ಇಂಥ ಬದಲಾವಣೆಗಳನ್ನು ಆಟ ಆಡಿಸುವವರೇ ಯೋಚಿಸುವಂತೆ ಕಲಿಸುವುದು ಹೇಗೆ? ಭಾಷಣ ಮಾಡಿದರೆ ನಿದ್ದೆ ಮಾಡುತ್ತಾರೆ, ಅದೂ ಗೊತ್ತಿದೆ.

ಇನ್ನೊಂದು ಚಿಂತೆ, ಪೆಟ್ಟು. ಬಿದ್ದ ಮಗುವನ್ನು ತಕ್ಷಣ ಎಳೆದು ಎಬ್ಬಿಸುತ್ತಾರೆ. ಪ್ರಥಮ ಚಿಕಿತ್ಸೆಗೆ ಅರ್ಧ ದಿನ ಇಟ್ಟರೆ ಸಾಕೇ? ಗಾಲಿಕುರ್ಚಿಯಲ್ಲಿರುವ ಒಬ್ಬ ಹುಡುಗನೂ ಬರುತ್ತಾನೆ. ಸದ್ಯಕ್ಕೆ ಅವನಿಗೆ ಅಂಕ ಬರೆಯುವ ಕೆಲಸ ಕೊಟ್ಟಿದ್ದೇವೆ. ನನಗೇ ನಾಚಿಕೆಯಾಗುತ್ತದೆ.

ಇಂಥ ತರಬೇತಿ ನಡೆಸಿದವರು ಎರಡು ದಿನವನ್ನು ಹೇಗೆ ಹಂಚಿದಿರಿ ಅಂತ ಬರೆಯಿರಿ. ಎಡವಿದ್ದು ಎಲ್ಲಿ ಅಂತಲೂ ಹೇಳಿ.