ಒಂದೂವರೆ ವರ್ಷದ ಮಗುವಿಗೆ ಭೇದಿ, ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ: ಬೆಳಿಗ್ಗೆಯಿಂದ ನಾಲ್ಕು ಸಲ ನೀರಾಗಿ ಹೋಗಿದೆ. ಓಆರ್‌ಎಸ್ (ಭೇದಿಗೆ ಕೊಡುವ ಉಪ್ಪು-ಸಕ್ಕರೆ ಪುಡಿಯ ನೀರು) ಕುಡಿಸಿದರೆ ವಾಂತಿ. ಏನು ಮಾಡಲಿ?

ಉತ್ತರ: ಲೋಟದಲ್ಲಿ ಕುಡಿಸಿದರೆ ಹಾಗೇ ಆಗೋದು. ವಾಂತಿಯಾದ ಮೇಲೆ 10 ನಿಮಿಷ ಬಿಟ್ಟು, ಎರಡು-ಮೂರು ನಿಮಿಷಕ್ಕೊಂದು ಚಮಚ ಕೊಡಿ. ಪ್ರತಿ ಭೇದಿಗೆ 50–100 ಮಿಲಿ ಒಳಗೆ ಹೋಗಬೇಕು. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಅಪಾಯ. ಕಲಸಿ 24 ಗಂಟೆಯಾದದ್ದನ್ನು ಚೆಲ್ಲಿ.

ಉತ್ತರ: ಪ್ಯಾಕೆಟ್ ಸಿಗದಿದ್ದರೆ ಮಾತ್ರ: ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜ್ಯೂಸ್ ಬೇಡ, ಅದರ ಸಕ್ಕರೆ ಕರುಳಿಗೆ ಇನ್ನಷ್ಟು ನೀರೆಳೆಯುತ್ತದೆ. ಎದೆಹಾಲು, ಊಟ ನಿಲ್ಲಿಸಬೇಡಿ.

ಉತ್ತರ: ದೊಡ್ಡವರ ಭೇದಿ ಮಾತ್ರೆ ಮುಟ್ಟಲೇಬೇಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, 6 ಗಂಟೆ ಮೂತ್ರವಿಲ್ಲ, ಮಂಕು: ಒಂದು ಕಂಡರೂ ಆಸ್ಪತ್ರೆಗೆ ಹೊರಡಿ.