ಹೊಳೆ ದಾಸವಾಳ ಅಂದರೆ ಯಾವ ಗಿಡ?

ಎಲ್ಲರಿಗೂ ನಮಸ್ಕಾರ. ಮಂಗಳೂರು, ಉಡುಪಿ ಕಡೆಯವರಲ್ಲಿ ಒಂದು ಹೆಸರಿನ ಬಗ್ಗೆ ಕೇಳಬೇಕಿತ್ತು. ನರ್ಸರಿಯಲ್ಲಿ ಕ್ರೇಪ್ ಮರ್ಟಲ್ ಅಂತ ಕೊಡುವ ಹೂಗಿಡಕ್ಕೆ ನಿಮ್ಮ ಮನೆಯಲ್ಲಿ ಏನಂತ ಹೇಳುತ್ತೀರಿ?

ನಮ್ಮ ಆಸುಪಾಸಿನಲ್ಲಿ ಅದನ್ನೂ ‘ಹೊಳೆ ದಾಸವಾಳ’ ಅಂತಲೇ ಕರೆಯುತ್ತಾರೆ. ಆದರೆ ಆ ಹೆಸರು ಸಲ್ಲುವುದು ಅದರ ದೊಡ್ಡ ನೆಂಟನಿಗೆ, ಅಲ್ವಾ? ಹೊಳೆಬದಿಯಲ್ಲಿ ಎತ್ತರಕ್ಕೆ ಬೆಳೆದು, ಬೇಸಿಗೆಯಲ್ಲಿ ನೇರಳೆ ಬಣ್ಣದ ಗೊಂಚಲು ಬಿಡುವ ಮರ ಅದು. ಮಹಾರಾಷ್ಟ್ರದ ರಾಜ್ಯಪುಷ್ಪವೂ ಅದೇ. ಎರಡೂ ಲ್ಯಾಗರ್‌ಸ್ಟ್ರೋಮಿಯಾ ಕುಲದವು. ಘಟ್ಟದ ಕಾಡಿನ ನಂದಿ ಮರವೂ ಇದೇ ಕುಲ. ತೊಗಟೆ ಹಾಳೆಹಾಳೆಯಾಗಿ ಸುಲಿದು ಒಳಗಿಂದ ನುಣ್ಣಗಿನ ಕಾಂಡ ಕಾಣುವುದನ್ನು ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ.

ಹೆಸರು ಯಾವುದಾದರೇನು ಅಂತ ಬಿಡುವ ಹಾಗಿಲ್ಲ. ‘ಹೊಳೆ’ ಅಂತ ಇದೆಯಲ್ಲ ಎಂದು ಬಚ್ಚಲು ನೀರು ಹೋಗುವ ಜಾಗದಲ್ಲಿ ನೆಟ್ಟವರಿದ್ದಾರೆ. ಈ ಸಣ್ಣ ಗಿಡಕ್ಕೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ತೆಂಗಿನ ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಎಲೆಚುಕ್ಕೆ ರೋಗ ಬೇರೆ. ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಎದ್ದು, ಹಳದಿಯಾಗಿ ಉದುರುತ್ತವೆ. ಗಾಳಿಯಾಡುವ ಜಾಗದಲ್ಲಿ ನೆಟ್ಟರೆ ಕಾಟ ಕಡಿಮೆ.

‘ದಾಸವಾಳ’ವೂ ಸರಿ ಹೊಂದುವುದಿಲ್ಲ. ಒಂದು ಹೂ ಬಿಡಿಸಿ ನೋಡಿ. ಹೆಚ್ಚಾಗಿ ಆರು ಎಸಳು. ಒಂದೊಂದೂ ದಾರದಂಥ ತೊಟ್ಟಿನ ಮೇಲೆ ನಿಂತಿರುತ್ತದೆ, ಅಂಚೆಲ್ಲ ಮುದುಡಿದ ಕ್ರೇಪ್ ಕಾಗದದ ಹಾಗೆ. ನಡುವೆ ಹಳದಿ ಕೇಸರಗಳು ಬಿಡಿಬಿಡಿಯಾಗಿರುತ್ತವೆ, ದಾಸವಾಳದಂತೆ ಒಂದೇ ಕೊಳವೆಗೆ ಅಂಟಿಕೊಂಡಿರುವುದಿಲ್ಲ. ಇಂಗ್ಲಿಷಿನ ‘ಮರ್ಟಲ್’ ಕೂಡ ತಪ್ಪು ದಾರಿಯೇ. ಮರ್ಟಲ್ ಅಂದರೆ ನೇರಳೆ, ಪೇರಳೆಗಳ ಕುಟುಂಬ. ಇದು ಮದರಂಗಿ, ದಾಳಿಂಬೆಗಳ ಕುಟುಂಬದ್ದು. ಹಾಗಾಗಿ ಮದರಂಗಿಯನ್ನು ಸೇರಿಸಿ ಯಾರಾದರೂ ಹೆಸರಿಟ್ಟಿದ್ದರೆ ನನಗೆ ಅದೇ ಹೆಚ್ಚು ಇಷ್ಟ.

ಇನ್ನೊಂದು ಮಾತು. ಪ್ರೂನಿಂಗ್‌ಗೆ ನೀವು ಏನನ್ನುತ್ತೀರಿ? ‘ಗೆಲ್ಲು ಕಡಿಯಿರಿ’ ಅಂದರೆ ಕೆಲಸಕ್ಕೆ ಬಂದವರು ಎದೆಮಟ್ಟಕ್ಕೆ ಬೋಳು ಮಾಡಿಬಿಡುತ್ತಾರೆ. ವರ್ಷವರ್ಷ ಒಂದೇ ಕಡೆ ಕಡಿದರೆ ಅಲ್ಲಿ ಗಂಟು ಕಟ್ಟುತ್ತದೆ. ಆಮೇಲೆ ಬರುವ ಸಪೂರ ಗೆಲ್ಲುಗಳು ಹೂವಿನ ಭಾರಕ್ಕೆ ಬಾಗುತ್ತವೆ. ಈ ಗಿಡ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಚಳಿ ಮುಗಿಯುವ ಹೊತ್ತಿಗೆ ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಬುಡದಿಂದ ಎದ್ದದ್ದು ಇಷ್ಟು ತೆಗೆದರೆ ಸಾಕು. ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಚಿವುಟಿದರೆ ಇನ್ನೊಮ್ಮೆ ಹೂ ಬರುವುದೂ ಉಂಟು. ಇದಕ್ಕೆ ‘ಸವರುವುದು’ ಅನ್ನುವುದು ನನಗೆ ಸರಿ ಕಾಣುತ್ತದೆ. ಆದರೆ ನಮ್ಮ ಕಡೆ ಆ ಮಾತು ಬಳಕೆಯಲ್ಲಿ ಕೇಳುವುದು ಕಡಿಮೆ.

ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವವರು ಗಿಡದ ಗೆಲ್ಲು ತೆಗೆಯುವುದಕ್ಕೆ ಯಾವ ಪದ ಬಳಸುತ್ತಾರೆ? ಬಲ್ಲವರು ಹೇಳಿ. ತುಳು, ಕುಂದಗನ್ನಡ, ಕೊಂಕಣಿ ಯಾವುದಾದರೂ ಆಗಬಹುದು.